ಎರಡೂ ಪಿಚ್ಚರಿನಲ್ಲಿ ಇಲ್ಲದ ಮಾತು

ಸಂಕಲನದ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಹಾದ ಬಶಿ ಕೆಳಗಿಡುವ ಮೊದಲೇ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಮೂಲ ಚಿತ್ರ ಮೇಲೋ, ರೀಮೇಕು ಮೇಲೋ? ಮೊದಮೊದಲು ನಾನು ಉದ್ದುದ್ದ ಭಾಷಣ ಬಿಗಿಯುತ್ತಿದ್ದೆ. ಈಗ ಒಬ್ಬ ಹೆಣ್ಣುಮಗಳ ಕತೆ ಹೇಳುತ್ತೇನೆ. ಕೆಲವರು ಬೇಸರಪಟ್ಟು ಎದ್ದುಹೋಗುತ್ತಾರೆ, ಕೆಲವರು ಇನ್ನೊಂದು ಕಪ್ಪು ಚಹಾ ಕುಡಿಯುತ್ತಾರೆ. ಆ ಕೆಲವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಪಗಾರ ಯಾವಾಗ ಹೆಚ್ಚಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಹೊದಿಸಿದವರೂ ಕಡಿಮೆಯೇ.

ನನ್ನ ಊರು ಗಡಹಿಂಗ್ಲಜ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಪ್ಪನ ಬೆಲ್ಲದ ಅಂಗಡಿಯಲ್ಲಿ ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾನೋ ಆ ಭಾಷೆ. ಒಂದು ಮಾತು ಎಲ್ಲಿ ಕನ್ನಡ ಬಿಟ್ಟು ಎಲ್ಲಿ ಮರಾಠಿ ಹಿಡಿಯಿತು ಎಂಬುದು ಆಡಿದ ನಮಗೇ ತಿಳಿಯುತ್ತಿರಲಿಲ್ಲ. ಐವತ್ತರ ದಶಕದ ಕೊನೆಗೆ ನಾನು ಕೊಲ್ಹಾಪುರದ ಒಂದು ಸ್ಟುಡಿಯೋದ ಸಂಕಲನದ ಕೋಣೆ ಸೇರಿದಾಗ ಅಪ್ಪ ಹೇಳಿದ್ದು ಇಷ್ಟೇ: "ಬೆಲ್ಲ ಮಾರೂದ ಬಿಟ್ಟು ಬೆಳಕ ಮಾರಾಕ ಹೊಂಟಿ. ಬೆಲ್ಲ ಉಳದರ ತಿನ್ನಾಕರ ಬರತೈತಿ. ಬೆಳಕ ಉಳದರ ಏನ್ ಮಾಡ್ತಿ?"

ಕೋಣೆಯ ಯಜಮಾನರು ನಾನಾ. ಮರಾಠಿ ಮನುಷ್ಯ, ಬಿಳಿ ಕೈಗವಸು ತೊಟ್ಟ ಕೈ, ಮೂಗಿನ ತುದಿಯ ಮೇಲೆ ಸಿಟ್ಟು. ನಶ್ಯದ ಚಟ ಇತ್ತು, ಆದರೆ ನಶ್ಯದ ಪುಡಿ ಫಿಲ್ಮಿಗೆ ವಿಷ ಎಂದು ಪ್ರತಿಸಲ ಹೊರಗೆ ಹೋಗಿ, ಸೇದಿ, ಕೈ ತೊಳೆದು, ಧೋತರ ಝಾಡಿಸಿ ಒಳಗೆ ಬರುತ್ತಿದ್ದರು. ನಾನು ಬುದ್ಧಿವಂತಿಕೆ ತೋರಿಸಲು ಹೋದಾಗಲೆಲ್ಲ ಅವರದು ಒಂದೇ ಮಾತು: "ಬಾಳ್ಯಾ, ಕಾತ್ರೀ ಹಾತಾತ ಧರಾಯಚೀ, ಡೋಕ್ಯಾತ ನಾಹೀ." ಕತ್ತರಿ ಕೈಯಲ್ಲಿರಲಿ, ತಲೆಯಲ್ಲಿ ಬೇಡ ಎಂದು. ಬಾಳಪ್ಪ ಎಂಬ ನನ್ನ ಹೆಸರು ಆ ಕೋಣೆಯ ಹೊಸ್ತಿಲು ದಾಟಿದ ದಿನದಿಂದ ಬಾಳ್ಯಾ ಆಯಿತು.

ಈಗಿನವರು ಗುಂಡಿ ಒತ್ತಿ ಕತ್ತರಿಸುತ್ತಾರೆ, ಬೇಡವಾದರೆ ಇನ್ನೊಂದು ಗುಂಡಿ ಒತ್ತಿ ಮೊದಲಿನಂತೆ ಮಾಡುತ್ತಾರೆ. ನಮಗೆ ಆ ಸುಖ ಇರಲಿಲ್ಲ. ಫಿಲ್ಮನ್ನು ಕತ್ತರಿಸಿ, ತುದಿಯನ್ನು ಬ್ಲೇಡಿನಿಂದ ಹೆರೆದು, ಸಿಮೆಂಟು ಎಂದು ನಾವು ಕರೆಯುತ್ತಿದ್ದ ಅಂಟನ್ನು ಹಚ್ಚಿ, ಒತ್ತಿ ಹಿಡಿದು ಕೂಡಿಸಬೇಕು. ಹೆರೆದ ಚಿತ್ರ ಹೋಯಿತೆಂದರೆ ಹೋಯಿತು. ಆ ಅಂಟಿನ ವಾಸನೆ ಎಷ್ಟು ಘಾಟೆಂದರೆ ಊಟಕ್ಕೆ ಕುಳಿತಾಗ ಭಕ್ಕರಿಗೂ ಅದೇ ವಾಸನೆ. ಇನ್ನೊಂದು ಸಂಗತಿ ನೆನಪಿಡಿ. ಥಿಯೇಟರಿಗೆ ಹೋಗುವ ಪ್ರಿಂಟಿನಲ್ಲಿ ಚಿತ್ರ ಒಂದು ಕಡೆ ಇದ್ದರೆ ಅದರ ಸದ್ದು ಸ್ವಲ್ಪ ಮುಂದೆ ಇರುತ್ತದೆ. ಒಬ್ಬರ ಮುಖ ಕತ್ತರಿಸಿದರೆ ಇನ್ನೊಬ್ಬರ ಮಾತು ಹೋಗುತ್ತದೆ. ಇದನ್ನು ಮರೆತು ನಾನು ಮೊದಲ ವರ್ಷವೇ ಒಬ್ಬ ಮಾವನ ಬೈಗುಳ ತೆಗೆಯಲು ಹೋಗಿ ಸೊಸೆಯ ಆರತಿಯ ಹಾಡಿಗೆ ಕತ್ತರಿ ಹಾಕಿದ್ದೆ. ನಾನಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಮಾತಾಡಿದಾಗ ಮೊದಲು ಮಾವನ ಬೈಗುಳವನ್ನೇ ಬೈದರು.

ಮರಾಠಿಯಲ್ಲಿ ಓಡಿದ ಪಿಚ್ಚರನ್ನು ಕನ್ನಡದಲ್ಲಿ ಮಾಡುವುದೆಂದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಪ್ರಿಂಟನ್ನು ನೋಡುವ ಯಂತ್ರಕ್ಕೆ ಹಾಕಿ, ಒಂದೊಂದು ಶಾಟು ಎಷ್ಟು ಉದ್ದ ಎಂದು ಅಳೆದು, ಹೊಸದನ್ನೂ ಅಷ್ಟೇ ಉದ್ದ ತೆಗೆಯುವುದು. ಸಂತೆ, ಮೆರವಣಿಗೆ, ಮಗ್ಗದ ಶೆಡ್ಡು ಹೀಗೆ ದೂರದಿಂದ ತೆಗೆದ ಶಾಟುಗಳನ್ನಂತೂ ಹೊಸದಾಗಿ ತೆಗೆಯುತ್ತಲೇ ಇರಲಿಲ್ಲ. ಹಳೆಯ ಪಿಚ್ಚರಿನವನ್ನೇ ಎತ್ತಿ ಹೊಸದಕ್ಕೆ ಅಂಟಿಸುವುದು. ಅದಕ್ಕಾಗಿ ಹೊಸ ನಟ ನಟಿಯರಿಗೆ ಹಳಬರ ಬಟ್ಟೆಯನ್ನೇ ತೊಡಿಸುತ್ತಿದ್ದರು. ಒಮ್ಮೆ ಮರಾಠಿಯ ನಾಯಕ ಸಣಕಲ, ಕನ್ನಡದ ನಾಯಕ ಗುಂಡು. ದೂರದಿಂದ ಓಣಿಯಲ್ಲಿ ಬರುವಾಗ ಬಡಕಲು, ಬಾಗಿಲು ದಾಟಿ ಒಳಗೆ ಬಂದಾಗ ದಪ್ಪ. ನಿರ್ಮಾಪಕ ಕೇಳಿದ್ದಕ್ಕೆ ನಾನಾ, "ಹೊಸ್ತಿಲಲ್ಲಿ ನಿಂತು ಊಟ ಮಾಡಿದ ಅನ್ನಿ" ಎಂದರು. ಆ ಪಿಚ್ಚರೂ ಓಡಿತು.

ಈಗ ಮಗ್ಗದ ಪಿಚ್ಚರಿನ ಮಾತು. ಅದರ ಹೆಸರು ಬೇರೆ ಇತ್ತು, ನಾವು ಕೋಣೆಯಲ್ಲಿ ಹಾಗೆ ಕರೆಯುತ್ತಿದ್ದೆವು. ಇಚಲಕರಂಜಿಯ ಒಬ್ಬ ನೇಕಾರ ಮುಂಬೈ ಗಿರಣಿಗೆ ಹೋಗುತ್ತಾನೆ, ಅಲ್ಲೇ ಸಾಯುತ್ತಾನೆ, ಹೆಂಡತಿ ಕಂಡಿಕೆ ಸುತ್ತಿ, ಎಂದರೆ ಮಗ್ಗದ ಲಾಳಿಗೆ ನೂಲು ಸುತ್ತಿಕೊಟ್ಟು, ಮೈದುನನನ್ನು ಓದಿಸುತ್ತಾಳೆ. ಕತೆ ಇಷ್ಟೇ. ಮರಾಠಿಯಲ್ಲಿ ಆ ಹೆಂಡತಿಯ ಪಾತ್ರ ಮಾಡಿದಾಕೆ ಚಂದ್ರಾ. ನಮ್ಮವರಿಗೆ ಚಂದ್ರವ್ವ. ಗಡಹಿಂಗ್ಲಜದ ಹತ್ತಿರದ ಹಳ್ಳಿಯ ಒಕ್ಕಲು ಮನೆತನದ ಮಗಳು, ಮದುವೆಯಾಗಿ ಇಚಲಕರಂಜಿ ಸೇರಿದಾಕೆ. ಶೆಡ್ಡಿನಲ್ಲಿ ಶೂಟಿಂಗ್ ನಡೆದಾಗ ಹಿಂದೆ ಕುಳಿತು ಕಂಡಿಕೆ ಸುತ್ತಲು ಕರೆದಿದ್ದರು. ನಿರ್ದೇಶಕರು ಕ್ಯಾಮೆರಾದಲ್ಲಿ ನೋಡಿ, ಮುಂದೆ ಕುಳಿತ ನಾಯಕಿಯನ್ನು ಎಬ್ಬಿಸಿ, ಹಿಂದಿದ್ದ ಈಕೆಯನ್ನು ಮುಂದೆ ಕೂಡಿಸಿದರು. ಪರದೆಯ ಮೇಲೆ ಆ ಮುಖ ಹಾಗಿತ್ತು. ಏನೂ ಮಾಡದೆ ಕುಳಿತರೂ ಏನೋ ಆಗುತ್ತಿದೆ ಎನಿಸುತ್ತಿತ್ತು.

ತೊಡಕಾದದ್ದು ಸಾವಿನ ಸುದ್ದಿ ಬರುವ ದೃಶ್ಯದಲ್ಲಿ. ಮುಂಬೈಯಿಂದ ಒಬ್ಬ ಬಂದು ಬಾಗಿಲಲ್ಲಿ ನಿಂತು ಗಂಡ ಹೋದ ಎನ್ನುತ್ತಾನೆ. ಹೆಂಡತಿಗೆ ಮರಾಠಿಯಲ್ಲಿ ಒಂದು ಪುಟದ ವಿಲಾಪ ಬರೆದಿದ್ದರು. ಚಂದ್ರವ್ವನ ಮರಾಠಿ ಸಂತೆಗೆ ಸಾಕಾಗುವಂಥದ್ದು, ವಿಲಾಪಕ್ಕಲ್ಲ. ರಾಗವೆಲ್ಲ ಕನ್ನಡದ್ದು. ಮತ್ತೆ ಮತ್ತೆ ತೆಗೆದರು, ಮತ್ತೆ ಮತ್ತೆ ಕೆಟ್ಟಿತು. ನಿರ್ದೇಶಕರು ಸಿಟ್ಟಿನಲ್ಲಿ, "ನಿಮ್ಮ ಕಡೆ ಇಂಥ ಹೊತ್ತಿನಲ್ಲಿ ಹೆಂಗಸರು ಏನು ಹೇಳುತ್ತಾರೆ? ಅದನ್ನೇ ಹೇಳು" ಎಂದರು. ಕನ್ನಡ ಬಲ್ಲವನೆಂದು ನನ್ನನ್ನು ಕೋಣೆಯಿಂದ ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು.

ಚಂದ್ರವ್ವ ಬಾಗಿಲಲ್ಲಿ ನಿಂತವನ ಕಡೆ ನೋಡಿ, ಕೈಯಲ್ಲಿದ್ದ ನೂಲು ಬಿಡದೆ ಕೇಳಿದಳು: "ಆವತ್ತ ಅವ್ರು ಉಂಡಿದ್ರೇನ್ರಿ?"

ಅಷ್ಟೇ. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ನಿರ್ದೇಶಕರು ತಮ್ಮ ಕೈಯಲ್ಲಿದ್ದ ವಿಲಾಪದ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಇದನ್ನೇ ಮರಾಠಿಯಲ್ಲಿ ಹೇಳಲಿ" ಎಂದರು. ಚಂದ್ರವ್ವ ಹೇಳಿದಳು. ಏನು ಮಾಡಿದರೂ ಅದು ಮನೆಗೆ ಬಂದ ಬೀಗರಿಗೆ ಊಟ ಆಯಿತೇ ಎಂದು ಕೇಳಿದಂತೆ ಬರುತ್ತಿತ್ತು. ಕಡೆಗೆ ನಿರ್ದೇಶಕರು ಮಾತನ್ನೇ ತೆಗೆದುಹಾಕಿದರು. "ಸುಮ್ಮನೆ ಕುಳಿತು ಕಂಡಿಕೆ ಸುತ್ತು" ಎಂದರು. ಆಕೆ ಸುತ್ತಿದಳು. ಕ್ಯಾಮೆರಾ ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ, ನೂಲು ಮುಗಿಯುವ ತನಕ ಸುತ್ತಿದಳು.

ಪಿಚ್ಚರು ಬಂದಾಗ ಆ ಮೌನವನ್ನು ಹೊಗಳದವರಿಲ್ಲ. ಎಂಥ ನಿರ್ದೇಶನ, ಎಂಥ ಸಂಯಮ ಎಂದು ಪತ್ರಿಕೆಗಳಲ್ಲಿ ಬರೆದರು. ನಮ್ಮ ನಾನಾ ಓದಿ, "ನಾಲಿಗೆ ಹೊರಳಲಿಲ್ಲ ಅನ್ನುವುದಕ್ಕೆ ಸಂಯಮ ಅಂತಾರೆ ನೋಡು" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಉಳಿದ ಪಗಾರ ತೆಗೆದುಕೊಳ್ಳಲು ಚಂದ್ರವ್ವ ಸ್ಟುಡಿಯೋಕ್ಕೆ ಬಂದಾಗ ಕೇಳಿದೆ: "ಅಕ್ಕಾರ, ಆ ಮಾತು ನಿಮಗ ಹೆಂಗ ಹೊಳೀತು?"

"ಹೊಳದದ್ದಲ್ಲ ಅಣ್ಣಾ. ಕೇಳಿದ್ದು."

"ಯಾರನ್ನ?"

"ನಮ್ಮನಿಯವ್ರೂ ಮುಂಬೈದಾಗ ಜ್ವರದಾಗ ಹೋದ್ರು. ಸುದ್ದಿ ತಂದವನ್ನ ಹಿಂಗ ಕೇಳಿದ್ನಿ. ಎರಡ ದಿನದಿಂದ ಏನೂ ತಿಂದಿರಲಿಲ್ರಿ ಅಂದ."

ಆಮೇಲೆ ನಾನು ಆ ದೃಶ್ಯ ಬಂದಾಗ ನಗಲಿಲ್ಲ. ನಾನಾ ಅವರಿಗೆ ಹೇಳಿದೆ, ಅವರು ಎದ್ದು ನಶ್ಯಕ್ಕೆ ಹೊರಗೆ ಹೋದರು, ಬಹಳ ಹೊತ್ತು ಒಳಗೆ ಬರಲಿಲ್ಲ.

ಚಂದ್ರವ್ವನ ತಾಯಿ ಕಲ್ಲವ್ವ ಹಳ್ಳಿಯಲ್ಲಿದ್ದಳು. ಆಕೆಯನ್ನು ಕರೆದುಕೊಂಡು ಹೋಗಿ ಮಗಳ ಮರಾಠಿ ಪಿಚ್ಚರು ತೋರಿಸಿದ್ದರು. ನೋಡಿದ ಮೇಲೆ ಆ ತಾಯಿ ಕೇಳಿದ್ದನ್ನು ಚಂದ್ರವ್ವ ನನ್ನ ಮುಂದೆ ನಗುನಗುತ್ತ ಹೇಳಿದ್ದಳು, ಆದರೆ ಆ ನಗು ನಗುವಾಗಿರಲಿಲ್ಲ. "ಎಲ್ಲಾರೂ ಮಾತಾಡ್ತಾರ, ನೀ ಒಬ್ಬಾಕಿ ಮೂಕಿ ಹಂಗ ಕುಂತಿ. ನಿನಗ ಮಾತಾಡಾಕ ಕೊಡಲಿಲ್ಲೇನು ಅವ್ರು? ಅಲ್ಲೂ ಹಂಗ, ಇಲ್ಲೂ ಹಂಗ." ತಾಯಿಗೆ ಆ ಒಂದು ಕೊರಗು ಹತ್ತಿಕೊಂಡಿತ್ತು. ತನ್ನ ಮಗಳಿಗೆ ಮಂದಿ ಮಾತಾಡಲು ಬಿಡುವುದಿಲ್ಲ ಎಂದು.

ಮುಂದೆ ಒಂದೆರಡು ವರ್ಷದಲ್ಲಿ ಮೈಸೂರಿನ ಕಡೆಯ ಒಬ್ಬ ನಿರ್ಮಾಪಕರು ಮಗ್ಗದ ಪಿಚ್ಚರಿನ ಹಕ್ಕು ಪಡೆದು, ನಮ್ಮ ಸ್ಟುಡಿಯೋದಲ್ಲೇ ಕನ್ನಡದಲ್ಲಿ ಮಾಡುತ್ತಾರೆ ಎಂಬ ಸುದ್ದಿ ಬಂತು. ಮಾರನೆಯ ದಿನವೇ ಚಂದ್ರವ್ವ ಇಚಲಕರಂಜಿಯಿಂದ ಬಸ್ಸು ಹತ್ತಿ ಬಂದು ಸಂಕಲನದ ಕೋಣೆಯ ಬಾಗಿಲಲ್ಲಿ ನಿಂತಳು.

"ಅಣ್ಣಾ, ಕನ್ನಡದಾಗ ಮಾಡಾಕತ್ತಾರಂತ. ಖರೇನು?"

"ಖರೇನ್ರಿ."

"ಹಂಗಾರ ಆ ಮಾತು ಈಗ ಆಡಬಹುದಲ್ಲ?"

ಪಾತ್ರ ಸಿಗುತ್ತದೆಯೇ, ಹೆಸರು ಮೊದಲು ಬರುತ್ತದೆಯೇ, ಎಷ್ಟು ಕೊಡುತ್ತಾರೆ, ಇವು ಯಾವುದನ್ನೂ ಆಕೆ ಕೇಳಲಿಲ್ಲ. ಆ ಒಂದು ಮಾತು ಆಡಬಹುದಲ್ಲ ಎಂದಳು. ನನಗೂ ಎಲ್ಲ ಸಲೀಸಾಗಿಯೇ ಕಂಡಿತು. ಮೂಲದ ನಾಯಕಿ ಕನ್ನಡದವಳು, ಪಿಚ್ಚರು ಕನ್ನಡದ್ದು, ಇನ್ನೇನು ಬೇಕು? ಹುಂಬ ನಾನು, "ಅವ್ವಗ ಹೇಳಿ ಬಿಡ್ರಿ" ಎಂದೆ.

ನಿರ್ಮಾಪಕರು ಕೆಟ್ಟವರಲ್ಲ. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಇಂಥ ಕತೆಯಲ್ಲಿ ಒಬ್ಬ ದುಷ್ಟ ಇದ್ದರೆ ಹೇಳುವವನಿಗೆ ಸುಲಭ. ಅವರು ಚಂದ್ರವ್ವನನ್ನು ಕುರ್ಚಿ ಕೊಟ್ಟು ಕೂಡಿಸಿದರು, ಚಹಾ ತರಿಸಿದರು, ಧ್ವನಿಪರೀಕ್ಷೆಗೆ ಒಪ್ಪಿದರು. ಆಕೆ ಮೈಕಿನ ಮುಂದೆ ನಿಂತು ಆ ಮಾತು ಹೇಳಿದಳು. ನಾನು ಧ್ವನಿಯ ಕೋಣೆಯ ಗಾಜಿನ ಈಚೆ ಇದ್ದೆ. ಎಷ್ಟೋ ಪಿಚ್ಚರು ಕತ್ತರಿಸಿದ್ದೇನೆ, ಎಷ್ಟೋ ಅಳು ಕೇಳಿದ್ದೇನೆ. ಆವತ್ತು ಗಾಜಿನ ಈಚೆ ಕೂಡ ನನಗೆ ನಿಲ್ಲಲಾಗಲಿಲ್ಲ, ಗೋಡೆಗೆ ಮುಖ ಮಾಡಿ ನಿಂತೆ.

ನಿರ್ಮಾಪಕರು, "ಬಹಳ ಚೆನ್ನಾಗಿ ಹೇಳಿದಿರಿ ತಾಯೀ. ಆದರೆ ನೋಡಿ, ಗಂಡ ಸತ್ತ ಸುದ್ದಿ ಬಂದಾಗ ಊಟದ ವಿಚಾರ ಕೇಳಿದರೆ ಥಿಯೇಟರಿನಲ್ಲಿ ನಕ್ಕುಬಿಡುತ್ತಾರೆ. ಹೆಂಗಸರು ಅಳಬೇಕು, ಅಳಿಸಬೇಕು. ಮತ್ತೆ ನಿಮ್ಮ ಕನ್ನಡ... ಅದರಲ್ಲಿ ಮರಾಠಿ ರಾಗ ಬಹಳ ಇದೆ. ನಮ್ಮ ಕಡೆಯ ಜನಕ್ಕೆ ತಿಳಿಯುವುದಿಲ್ಲ" ಎಂದರು.

ಮರಾಠಿಯವರಿಗೆ ಆಕೆಯ ಮರಾಠಿಯಲ್ಲಿ ಕನ್ನಡ ಕೇಳಿಸಿತ್ತು, ಕನ್ನಡದವರಿಗೆ ಆಕೆಯ ಕನ್ನಡದಲ್ಲಿ ಮರಾಠಿ ಕೇಳಿಸಿತು. ನಮ್ಮ ಕಡೆಯವರ ಹಣೆಬರಹವೇ ಅದು, ಅತ್ತ ದರಿ ಇತ್ತ ಪುಲಿ. ಹೊರಗೆ ಬಂದ ಚಂದ್ರವ್ವನಿಗೆ ಏನು ಹೇಳಬೇಕೆಂದು ತೋಚದೆ ನಾನು ಬಸ್ಸಿನ ಹೊತ್ತು ಹೇಳಿದೆ. ಆಕೆ, "ಅವ್ವಗ ಹೇಳಿ ಬಿಟ್ಟೇನಲ್ಲ ಅಣ್ಣಾ" ಎಂದಳು.

ನಾಟಕದ ಕಂಪನಿಯಲ್ಲಿ ಹೆಸರು ಮಾಡಿದ್ದ ಒಬ್ಬ ನಟಿ ಬಂದಳು. ದನಿ ಕಂಚಿನ ಗಂಟೆ, ಕಣ್ಣೀರು ಕೇಳಿದಾಗ ಕೇಳಿದಷ್ಟು. ಆದರೆ ಕಂಡಿಕೆ ಸುತ್ತಲು ಬರುತ್ತಿರಲಿಲ್ಲ, ನೂಲು ಹಿಡಿದರೆ ನೂಲು ಹರಿಯುತ್ತಿತ್ತು. ಕಲಿಸಲು ಚಂದ್ರವ್ವನನ್ನೇ ಕರೆಸಿದರು. ಆಕೆಯ ಜಾಗದಲ್ಲಿ ನಾನು ಇದ್ದರೆ ಬರುತ್ತಿರಲಿಲ್ಲ. ಆಕೆ ಬಂದಳು. ಸೆಟ್ಟಿನ ಮೂಲೆಯಲ್ಲಿ ಆ ನಟಿಯ ಹಿಂದೆ ಕುಳಿತು, ಆಕೆಯ ಬೆರಳ ಮೇಲೆ ತನ್ನ ಬೆರಳಿಟ್ಟು, "ಬಿಗಿ ಹಿಡೀಬ್ಯಾಡ್ರಿ ತಂಗೀ, ಅದು ತಾನ ಬರತೈತಿ, ಬಿಡ್ರಿ" ಎಂದು ಹೇಳಿಕೊಡುತ್ತಿದ್ದಳು. ಆ ನಟಿಯೂ ಒಳ್ಳೆಯವಳು, ಊಟದ ಹೊತ್ತಿಗೆ ಚಂದ್ರವ್ವನನ್ನು ಬಿಟ್ಟು ಕೂರುತ್ತಿರಲಿಲ್ಲ. ಸಾವಿನ ಸುದ್ದಿಯ ದೃಶ್ಯಕ್ಕೆ ಹೊಸದಾಗಿ ಒಂದು ವಿಲಾಪ ಬರೆಸಿದ್ದರು, ಮರಾಠಿಯದಕ್ಕಿಂತ ಉದ್ದ, ಹಿಂದೆ ಸಾರಂಗಿ. ಮೊದಲ ಸಲಕ್ಕೇ ಆ ನಟಿ ಅದನ್ನು ಮುಗಿಸಿದಾಗ ಲೈಟಿನವರೂ ಕಣ್ಣೊರೆಸಿಕೊಂಡರು. ಹಟ ಮಾಡಿ ಅಳಲಿಲ್ಲ ಎಂದು ಹೇಳಲು ನನಗೆ ಇಷ್ಟ, ಆದರೆ ನಾನೂ ಅತ್ತೆ. ಹೊಗೆ ಹಾಕಿದರೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ.

ಪದ್ಧತಿಯಂತೆ ಹಳೆಯ ಪಿಚ್ಚರಿನ ಕೆಲವು ಶಾಟುಗಳನ್ನು ಎತ್ತಿಕೊಂಡೆವು. ಅದರಲ್ಲಿ ಒಂದು ಗಡಹಿಂಗ್ಲಜದ ಪೇಟೆಯಲ್ಲಿ ತೆಗೆದದ್ದು. ಗಂಡ ಸತ್ತ ಮೇಲೆ ಮೊದಲ ಸಲ ಮನೆ ಬಿಟ್ಟು ಹೊರಬಂದ ಹೆಂಡತಿ ಬುಟ್ಟಿ ಹೊತ್ತು ಜನರ ನಡುವೆ ಬರುತ್ತಾಳೆ, ಒಂದು ಕಿರಾಣಿ ಅಂಗಡಿಯ ಮುಂದೆ ನಿಲ್ಲುತ್ತಾಳೆ, ಯಾರೋ ಕರೆದಂತಾಗಿ ಹೊರಳಿ ನೋಡುತ್ತಾಳೆ. ಯಾರೂ ಇರುವುದಿಲ್ಲ, ಮುಂದೆ ಹೋಗುತ್ತಾಳೆ. ದೂರದ ಶಾಟು. ಸೀರೆ ಒಂದೇ, ಮೈಕಟ್ಟು ಒಂದೇ, ಮುಖ ಹೆಬ್ಬೆರಳ ಉಗುರಿನಷ್ಟು. ನಡುವೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಎಂದರು ನಾನಾ. ಆದರೆ ಬಲ್ಲವರಿಗೆ ಅದು ಚಂದ್ರವ್ವನೇ. ಆಕೆಗೆ ಹೇಳಿದಾಗ ಬಹಳ ದಿನಗಳ ಮೇಲೆ ಮುಖ ಅರಳಿತು.

"ಹಂಗಾರ ನಾ ಕನ್ನಡ ಪಿಚ್ಚರದಾಗ ಅದೇನಿ."

"ಅದೀರಿ. ಮಾತಿಲ್ಲ, ಖರೆ ಅದೀರಿ."

"ಇರ್ಲಿ. ಅವ್ವಗ ಪೂರಾ ಸುಳ್ಳ ಹೇಳಿದಂಗ ಆಗೂದಿಲ್ಲ."

ಪಿಚ್ಚರು ಹುಬ್ಬಳ್ಳಿಯಲ್ಲಿ ಮೊದಲು ಬಿಡುಗಡೆಯಾಯಿತು. ವಿಲಾಪದಲ್ಲಿ ಥಿಯೇಟರು ಗೊಳೋ ಎಂದು ಅತ್ತಿತಂತೆ. ಅದರ ಬೆನ್ನಿಗೆ ಬಂದ ಪೇಟೆಯ ಶಾಟಿನಲ್ಲಿ ಅದೇ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಅಂಗಡಿಯ ಮೇಲೆ ಇಷ್ಟಗಲದ ಬೋರ್ಡು, ಅದರ ತುಂಬ ಮರಾಠಿ. ಕನ್ನಡದಲ್ಲಿ ಕತೆ ನಡೆಯುವುದೋ ಧಾರವಾಡದ ಕಡೆಯ ಹಳ್ಳಿಯಲ್ಲಿ. ಯಾರೋ ಒಬ್ಬ ಎದ್ದು, "ಬಡವಿ ಅಂದ್ರಲೇ, ಮೆಣಸಿನಕಾಯಿ ತರಾಕ ಮಹಾರಾಷ್ಟ್ರಕ್ಕ ಹೋಗ್ಯಾಳ ನೋಡ್ರಿ" ಎಂದು ಕೂಗಿದನಂತೆ. ಅದಾದ ಮೇಲೆ ಪ್ರತಿ ಆಟದಲ್ಲೂ ಆ ಜಾಗಕ್ಕೆ ಕಾಯ್ದು ನಗತೊಡಗಿದರು.

ಆ ಶಾಟನ್ನು ನಮ್ಮ ಕೋಣೆಯಲ್ಲಿ ಎಷ್ಟು ಸಲ ಓಡಿಸಿ ನೋಡಿದ್ದೆವೋ ಲೆಕ್ಕವಿಲ್ಲ. ಬೋರ್ಡು ನಮಗೆ ಕಾಣಲೇ ಇಲ್ಲ. ನಾನಾ ಮರಾಠಿಯವರು, ಅವರಿಗೆ ಅದು ಸಹಜ. ನಾನು ಗಡಹಿಂಗ್ಲಜದವನು, ನನಗೆ ಇನ್ನೂ ಸಹಜ. ಮರಾಠಿ ಬೋರ್ಡಿನ ಕೆಳಗೆ ನಿಂತು ಕನ್ನಡದಲ್ಲಿ ಚೌಕಾಶಿ ಮಾಡಿ, ಹೊರಡುವಾಗ ಮರಾಠಿಯಲ್ಲಿ "ಯೇತೋ" ಎಂದು ಹೇಳಿ ಬರುವವರು ನಾವು. ಬೇರೆ ಯಾವ ಊರಿನ ಸಂಕಲನದ ಕೋಣೆಯಲ್ಲೂ ಈ ತಪ್ಪು ಆಗುತ್ತಿರಲಿಲ್ಲ. ಭಾಷೆಯ ಮೇಲೆ ರಾಜ್ಯಗಳು ಬೇರೆಯಾದ ಹೊಸತು ಅದು. ಪರದೆಯ ಮೇಲೆ ಗೆರೆ ಎಳೆದದ್ದು ನಮಗಷ್ಟೇ ಗೊತ್ತಾಗಿರಲಿಲ್ಲ.

ನಿರ್ಮಾಪಕರಿಂದ ತಾರು ಬಂತು: ಎಲ್ಲ ಪ್ರಿಂಟಿನಿಂದಲೂ ಆ ಶಾಟು ತೆಗೆಯಿರಿ. ನಾನಾ ನನಗೆ ಬ್ಲೇಡು, ಅಂಟಿನ ಶೀಶೆ ಕೊಟ್ಟು ಊರೂರಿಗೆ ಕಳಿಸಿದರು. ಥಿಯೇಟರಿನ ಪ್ರೊಜೆಕ್ಟರ್ ಕೋಣೆಗೆ ಹೋಗುವುದು, ಸುರುಳಿ ಬಿಚ್ಚುವುದು, ಚಂದ್ರವ್ವನನ್ನು ಹುಡುಕುವುದು, ಕತ್ತರಿಸುವುದು, ಕೂಡಿಸುವುದು. ಪ್ರತಿ ಊರಿನಲ್ಲೂ ಬೆಳಕಿಗೆ ಹಿಡಿದಾಗ ಆಕೆ ಹೊರಳಿ ನೋಡುತ್ತಿದ್ದಳು. ಈ ವೃತ್ತಿಯಲ್ಲಿ ನನಗೆ ಬೇಸರ ಬಂದದ್ದು ಆ ತಿರುಗಾಟದಲ್ಲಿ. ಇಚಲಕರಂಜಿಗೆ ಹೋದಾಗ ಆಕೆಗೆ ಮುಖ ತೋರಿಸದೆ ಬರಬೇಕೆಂದುಕೊಂಡಿದ್ದೆ. ಊರು ಸಣ್ಣದು, ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಥಿಯೇಟರಿನ ಗೇಟಿನ ಹತ್ತಿರ ನಿಂತಿದ್ದಳು.

"ತಗದ್ರೇನು ಅಣ್ಣಾ?"

"ತಗದ್ನಿ ಅಕ್ಕಾರ."

"ಗಡಹಿಂಗ್ಲಜದಾಗೂ ತಗೀತೀರೇನು?"

"ಅಲ್ಲೂ ತಗೀಬೇಕ್ರಿ."

ಆಕೆ ಸೆರಗಿನ ತುದಿ ಸರಿಮಾಡಿಕೊಂಡಳು. "ಒಂದ ಆಟ ಬಿಡ್ರಿ. ಮಾತಾಡ್ತೀಯೇನವ್ವಾ ಅಂತ ಅವ್ವ ಕೇಳಿದ್ಲು. ಇಲ್ಲವ್ವಾ, ಪ್ಯಾಟ್ಯಾಗ ಹೊಳ್ಳಿ ನೋಡ್ತೇನಿ ಅಂದೇನಿ. ಕನ್ನಡ ಪಿಚ್ಚರದಾಗ ಒಮ್ಮಿ ನನ್ನ ಮಾರಿ ನೋಡ್ಲಿ ಅಕಿ. ಆಮ್ಯಾಲ ತಗೀರಿ. ನಾ ಬ್ಯಾಡ ಅನ್ನೂದಿಲ್ಲ."

ಕೊಲ್ಹಾಪುರಕ್ಕೆ ಬಂದು ನಾನಾ ಅವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೈಗವಸು ತೆಗೆದು ಮೇಜಿನ ಮೇಲಿಟ್ಟು, "ಗಡಹಿಂಗ್ಲಜಾತ ಕೋಣ ಹಸಣಾರ?" ಎಂದರು. ಆ ಬೋರ್ಡು ನೋಡಿ ಗಡಹಿಂಗ್ಲಜದಲ್ಲಿ ನಗುವವರು ಯಾರು? "ಒಂದು ಆಟ ಬಿಡು. ನಿರ್ಮಾಪಕರು ಕೇಳಿದರೆ ಬಸ್ಸು ತಪ್ಪಿತು ಅಂತ ನಾನು ಹೇಳುತ್ತೇನೆ." ಆ ಮನುಷ್ಯ ಸುಳ್ಳು ಹೇಳಲು ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಧ್ಯಾಹ್ನದ ಆಟ. ಚಂದ್ರವ್ವ ತಾಯಿಯನ್ನು ಕೈಹಿಡಿದು ಕರೆತಂದಳು. ಕಲ್ಲವ್ವ ಸಣ್ಣ ಜೀವ, ಹಣೆ ತುಂಬ ವಿಭೂತಿ, ಕೈಯಲ್ಲಿ ಚಟ್ನಿ ಭಕ್ಕರಿಯ ಗಂಟು. ನನ್ನನ್ನು ನೋಡಿ, "ಪಿಚ್ಚರ ಮಾಡಾವ ನೀ ಏನು ತಮ್ಮಾ?" ಎಂದಳು. ನಾನು ಕತ್ತರಿಸುವವನು ಎಂದೆ. "ಹರಕು ಹೊಲಿಯಾವ ಇದ್ದಂಗ" ಎಂದು ತಾನೇ ಅರ್ಥ ಮಾಡಿಕೊಂಡು ಒಳಗೆ ಹೋದಳು. ನಾನು ಅವರ ಹಿಂದಿನ ಸಾಲಿನಲ್ಲಿ ಕುಳಿತೆ.

ಪಿಚ್ಚರಿನ ಮಾತೆಲ್ಲ ತನಗೆ ತಿಳಿಯುತ್ತಿದೆ ಎಂಬ ಹಿಗ್ಗು ಆ ಮುದುಕಿಯ ಬೆನ್ನಿನಲ್ಲೇ ಕಾಣುತ್ತಿತ್ತು. ಮುಂದೆ ಬಾಗಿ, ಪಾತ್ರಗಳಿಗೆ ಉತ್ತರ ಕೊಡುತ್ತ ನೋಡುತ್ತಿದ್ದಳು. ಸಾವಿನ ಸುದ್ದಿ ಬಂತು. ಆ ನಟಿ ಎದೆ ಬಡಿದುಕೊಂಡು ಅಳತೊಡಗಿದಳು. ಕಲ್ಲವ್ವನೂ ಅಳತೊಡಗಿದಳು. ಸದ್ದು ಮಾಡಿ, ಮೈ ಅಲುಗಾಡಿಸಿ, ಮನೆಯಲ್ಲೇ ಸಾವಾದಂತೆ ಅತ್ತಳು. ವಿಲಾಪ ಮುಗಿದು ಪೇಟೆ ಬಂತು. ಬೋರ್ಡು ಕಂಡ ಕೂಡಲೇ ಥಿಯೇಟರೆಲ್ಲ ಗದ್ದಲ ಎದ್ದಿತು, ನಗುವಲ್ಲ, ಹಿಗ್ಗು. "ಏ, ನಮ್ಮ ಪ್ಯಾಟಿ ಐತೋ," "ಅಕಾ ನೋಡು, ಶೆಟ್ಟರ ಅಂಗಡಿ." ಇಡೀ ಊರು ಅಂಗಡಿಯ ಗುರುತು ಹಿಡಿಯಿತು. ಅದರ ಕೆಳಗೆ ಚಂದ್ರವ್ವ ಬುಟ್ಟಿ ಹೊತ್ತು ಬಂದಳು, ನಿಂತಳು, ಹೊರಳಿ ನೋಡಿದಳು. ಕಲ್ಲವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಇನ್ನೂ ಅಳುತ್ತಿದ್ದಳು. ಪಕ್ಕದಲ್ಲಿ ಕುಳಿತ ಚಂದ್ರವ್ವ ತಾಯಿಯ ಭುಜ ಮುಟ್ಟಲು ಕೈ ಎತ್ತಿದವಳು ಮುಟ್ಟಲಿಲ್ಲ. ಶಾಟು ಮುಗಿಯಿತು.

ಹೊರಗೆ ಬಂದಾಗ ಮುದುಕಿಯ ಮುಖ ಊದಿತ್ತು, ಆದರೆ ಏನೋ ಇಳಿಸಿ ಬಂದವಳಂತೆ ಇದ್ದಳು. ಬೇವಿನ ಮರದ ಕೆಳಗೆ ಕುಳಿತು ಮಗಳ ಕೈ ಹಿಡಿದುಕೊಂಡಳು.

"ಆ ಹುಡುಗಿ ನೋಡಿದೇನು? ಎದಿ ಬಿಚ್ಚಿ ಅತ್ತಳು. ಅಳಿಯನ ಸುದ್ದಿ ಬಂದ ದಿನ ನೀ ಹಂಗ ಅತ್ತಿದ್ರ ನನ್ನ ಜೀವ ಇಷ್ಟ ವರ್ಷ ಒದ್ದಾಡತಿದ್ದಿಲ್ಲ. ಉಂಡಿದ್ರೇನ್ರಿ ಅಂತ ಒಂದ ಮಾತ ಕೇಳಿ, ಸುಮ್ಮನ ಕಂಡಿಕಿ ಸುತ್ಕೋತ ಕುಂತಿ. ಅಲ್ಲಿಂದ ಇಲ್ಲೀ ಮಟಾ ಅತ್ತಿಲ್ಲ ನೀ. ಇವತ್ತ ಅಕಿ ನಿನ್ನ ಪರವಾಗಿ ಅತ್ತಂಗ ಆತು ನೋಡು."

"ಹೌದವ್ವಾ," ಎಂದಳು ಚಂದ್ರವ್ವ. "ಭಾಳ ಛಲೋ ಅತ್ತಾಳ."

"ನೀ ಎಲ್ಲಿ ಬಂದಿದ್ದಿ? ನನಗ ಕಾಣಲೇ ಇಲ್ಲ."

"ಗದ್ದಲದಾಗ ಇದ್ನೆವ್ವಾ. ಇರ್ಲಿ ಬಿಡು."

ಆಮೇಲೆ ಆಕೆ ಎದ್ದು ನನ್ನ ಹತ್ತಿರ ಬಂದಳು. ನಾನೇ ಮೊದಲು ಹೇಳಿದೆ: "ಅಕ್ಕಾರ, ನಾಳಿ ಆಟಕ್ಕೂ ಬಿಡ್ತೇನ್ರಿ. ಮತ್ತ ಕರಕೊಂಡ ಬರ್ರಿ. ಆ ಜಾಗಾ ಬಂದಾಗ ಭುಜ ಹಿಡದ ತೋರಿಸ್ರಿ."

"ಬ್ಯಾಡ ಅಣ್ಣಾ. ಅವ್ವ ಇವತ್ತ ಹಗರ ಆಗ್ಯಾಳ. ನಾಳಿ ನನ್ನ ತೋರಿಸಿ ಮತ್ತ ಯಾಕ ಭಾರ ಮಾಡ್ಲಿ? ತಗೀರಿ."

"ತುಣುಕರ ಇಟ್ಕೋತೀರೇನು?"

"ಮಾತಿಲ್ಲದ್ದು ತಗೊಂಡು ಏನ್ ಮಾಡ್ಲಿ?"

ತಾಯಿ ಗಂಟು ಬಿಚ್ಚಿ ಭಕ್ಕರಿ ತೆಗೆದಿಟ್ಟು, ಉಣ್ಣಲು ಬಾ ಎಂದು ಮಗಳನ್ನು ಕರೆಯುತ್ತಿದ್ದಳು. ಚಂದ್ರವ್ವ ಹೋಗಿ ಪಕ್ಕದಲ್ಲಿ ಕುಳಿತಳು. ನಾನು ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೋಣೆಗೆ ಹೋಗಿ ಸುರುಳಿ ಬಿಚ್ಚಿ ಆ ಶಾಟು ತೆಗೆದೆ, ತುದಿ ಹೆರೆದು, ಅಂಟು ಹಚ್ಚಿ, ಒತ್ತಿ ಹಿಡಿದು ಕೂಡಿಸಿದೆ. ಸಂಜೆಯ ಆಟ ನೋಡಿ ಹೊರಬಂದ ಯಾರಿಗೂ ಏನೂ ಕಡಿಮೆಯಾಯಿತು ಎನಿಸಲಿಲ್ಲ.